ಕಿತ್ತಳೆ ಕತೆ ಆಚೆಗಿಟ್ಟು ನೋಡಿದ್ರೆ: ಹರೇಕಳ ಹಾಜಬ್ಬರ ಶಾಲೆ ಹೇಗೆ ಬಂತು ಅನ್ನೋ ಪ್ರಕರಣ

ಹರೇಕಳ ಹಾಜಬ್ಬ ಅಂದ ಕೂಡ್ಲೆ ಎಲ್ರೂ ಕಿತ್ತಳೆಯಿಂದ್ಲೇ ಶುರು ಮಾಡ್ತಾರೆ. ಮಂಗಳೂರಲ್ಲಿ ಬುಟ್ಟಿ ಹಿಡ್ಕೊಂಡು ಕಿತ್ತಳೆ ಮಾರ್ತಿದ್ರು, ಒಂದಿನ ಯಾರೋ ವಿದೇಶಿಯರು ಇಂಗ್ಲಿಷಲ್ಲಿ ರೇಟ್ ಕೇಳಿದ್ರು, ಇವರಿಗೆ ಅರ್ಥ ಆಗ್ಲಿಲ್ಲ, ಅವರು ಹೊರಟೇ ಹೋದ್ರು, ಆ ಬೇಜಾರಲ್ಲಿ ನಮ್ಮೂರ ಮಕ್ಕಳಿಗೆ ಹೀಗಾಗ್ಬಾರ್ದು ಅಂತ ಶಾಲೆ ಮಾಡಿದ್ರು, ಪದ್ಮಶ್ರೀ ಬಂತು, ಬರಿಗಾಲಲ್ಲಿ ರಾಷ್ಟ್ರಪತಿ ಭವನಕ್ಕೆ ಹೋದ್ರು. ಮುಗೀತು. ವಾಟ್ಸಾಪ್ ಸ್ಟೇಟಸ್‌ಗೆ ಇಷ್ಟು ಸಾಕು, ಕಣ್ಣಲ್ಲಿ ನೀರೂ ಬರ್ತದೆ.

ಆದ್ರೆ ಇಸವಿಗಳನ್ನ ಒಂದರ ಪಕ್ಕ ಒಂದು ಇಟ್ಟು ನೋಡಿ ಮಾರಾಯ್ರೆ. ಅವರು ಕಿತ್ತಳೆ ಮಾರೋಕೆ ಶುರು ಮಾಡಿದ್ದು 1977ರಲ್ಲಿ, ಆ ವಿದೇಶಿಯರ ಘಟನೆ ಆದದ್ದು 1978ರಲ್ಲಿ ಅಂತ ಅವರೇ ಹೇಳಿದ್ದು ವರದಿಗಳಲ್ಲಿ ಉಂಟು. ಶಾಲೆಗೆ ಮಂಜೂರಾತಿ ಸಿಕ್ಕಿದ್ದು 2000ರಲ್ಲಿ. ನಡುವೆ ಇಪ್ಪತ್ತು ವರ್ಷಕ್ಕೂ ಜಾಸ್ತಿ. 1978ರಲ್ಲಿ ಒಂದನೇ ಕ್ಲಾಸಿಗೆ ಸೇರ್ಬೇಕಿದ್ದ ಮಗು ಶಾಲೆ ಬರೋ ಹೊತ್ತಿಗೆ ತಾನೇ ಮಕ್ಕಳ ಅಪ್ಪನೋ ಅಮ್ಮನೋ ಆಗಿರ್ತದೆ. ನಂಗೆ ಈ ಪ್ರಕರಣದಲ್ಲಿ ಮುಖ್ಯ ಅನ್ಸೋದು ಈ ಗ್ಯಾಪು, ಮತ್ತೆ ಗ್ಯಾಪಿನ ಕೊನೆಯಲ್ಲಿ ಬಂದದ್ದು ಎಂಥ ಶಾಲೆ ಅನ್ನೋದು. ಕಿತ್ತಳೆ ರೇಟು ಕೇಳಿದ ಐದು ನಿಮಿಷದ ಬಗ್ಗೆ ಎಲ್ರೂ ಬರೆದಾಯ್ತು.

ಮೊದ್ಲು ಜಾಗದ ಬಗ್ಗೆ ಹೇಳ್ಬೇಕು, ಹೊರಗಿನವರಿಗೆ ಇದು ಗೊತ್ತಾಗೋದಿಲ್ಲ. ಹರೇಕಳ ಇರೋದು ನೇತ್ರಾವತಿಯ ಆಚೆ ದಡದಲ್ಲಿ, ಈಗಿನ ಉಳ್ಳಾಲ ತಾಲೂಕು. ಮ್ಯಾಪಲ್ಲಿ ನೋಡಿದ್ರೆ ಮಂಗಳೂರು ಇಲ್ಲೇ ಪಕ್ಕದಲ್ಲಿ ಉಂಟು ಅನ್ಸ್ತದೆ, ಆದ್ರೆ ನಡುವೆ ಹೊಳೆ. ಮೊದ್ಲೆಲ್ಲ ಒಂದೋ ಕಡವಿಗೆ ಹೋಗಿ ದೋಣಿ ಹಿಡೀಬೇಕಿತ್ತು, ಇಲ್ಲಾಂದ್ರೆ ತೊಕ್ಕೊಟ್ಟು ಸುತ್ತಿ ಬಸ್ಸಲ್ಲಿ ಬರ್ಬೇಕಿತ್ತು. ಅಡ್ಯಾರ್ ಹರೇಕಳ ಮಧ್ಯೆ ಅಣೆಕಟ್ಟಿನ ಮೇಲೆ ಸೇತುವೆ ಬಂದದ್ದು ಮೊನ್ನೆ ಮೊನ್ನೆ. ಶಾಲೆ ಬಂದ ನ್ಯೂಪಡ್ಪು ಆ ಗ್ರಾಮದ ಒಂದು ಭಾಗ. ಬ್ಯಾರಿ, ತುಳು ಮನೆಮಾತು, ಬೀಡಿ ಕಟ್ಟಿ, ಕೂಲಿ ಮಾಡಿ, ಸಣ್ಣಪುಟ್ಟ ವ್ಯಾಪಾರ ಮಾಡಿ ಬದುಕೋ ಮನೆಗಳೇ ಈ ಕಡೆ ಜಾಸ್ತಿ. ಮಕ್ಕಳು ಬೆಳಿಗ್ಗೆ ಮದ್ರಸಕ್ಕೆ ಹೋಗ್ತಿದ್ರು, ಅದು ಹತ್ತಿರದಲ್ಲೇ ಇತ್ತು. ಕನ್ನಡ ಅಕ್ಷರ ಕಲಿಸೋ ಶಾಲೆ ಮಾತ್ರ ದೂರ.

ದೂರ ಅಂದ್ರೆ ಎಷ್ಟು ದೂರ ಅಂತ ಕೇಳ್ಬೇಡಿ. ದೊಡ್ಡವರಿಗೆ ಅದು ನಡೆಯೋ ದಾರಿಯೇ. ಆರು ವರ್ಷದ ಮಗುವಿಗೆ, ಅದೂ ಜೂನ್ ತಿಂಗಳ ಮಳೆಯಲ್ಲಿ, ತೋಡು ತುಂಬಿ ಹರಿಯೋವಾಗ, ಬೇರೆಯೇ ಲೆಕ್ಕ. ನಮ್ಮಲ್ಲಿ ಶಾಲೆ ಶುರುವಾಗೋದೂ ಮಳೆ ಶುರುವಾಗೋದೂ ಒಟ್ಟಿಗೆ ಅಲ್ವಾ. ಅಷ್ಟು ದೂರ ಗಂಡು ಮಕ್ಕಳನ್ನಾದ್ರೂ ಕಳಿಸ್ತಾರೆ, ಹೆಣ್ಣು ಮಕ್ಕಳು ಮನೆಯಲ್ಲೇ ಉಳೀತಾರೆ, ಹತ್ತು ವರ್ಷ ಆಗೋ ಹೊತ್ತಿಗೆ ಬೀಡಿ ಕಟ್ಟೋ ಸೂಪು, ಅಂದ್ರೆ ಮೊರ, ತೊಡೆ ಮೇಲೆ ಬಂದಿರ್ತದೆ. ಇದು ಒಂದು ಜಾತಿಯ, ಒಂದು ಧರ್ಮದ ವಿಷಯ ಅಲ್ಲ, ಕರಾವಳಿಯ ಎಷ್ಟೋ ಬಡ ಮನೆಗಳಲ್ಲಿ ನಡೆದದ್ದೇ ಹೀಗೆ.

2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ಶೇಕಡಾ 75 ಚಿಲ್ಲರೆ ಇದ್ದಾಗ ದಕ್ಷಿಣ ಕನ್ನಡದ್ದು 88.57. ಪಿಯು ರಿಸಲ್ಟ್ ಬಂದಾಗ ದಕ್ಷಿಣ ಕನ್ನಡ, ಉಡುಪಿ ಮೇಲೆ ಇರೋದು ನಮಗೆ ಅಭ್ಯಾಸ ಆಗಿ ಹೋಗಿದೆ, ಒಂದು ವರ್ಷ ಕೆಳಗೆ ಬಂದ್ರೆ ಟಿವಿಯಲ್ಲಿ ಚರ್ಚೆ ಆಗ್ತದೆ. ಇಂಥ ಜಿಲ್ಲೆಯಲ್ಲಿ, ಜಿಲ್ಲಾ ಕೇಂದ್ರದ ಎದುರಿನ ದಡದಲ್ಲಿ, ಶಾಲೆ ಕೈಗೆ ಸಿಗದ ಮಕ್ಕಳ ಒಂದು ಗುಂಪು 2000ದವರೆಗೂ ಇತ್ತು. ಸರಾಸರಿ ಅನ್ನೋದು ಇದನ್ನ ಚೆಂದ ಮುಚ್ಚಿಡ್ತದೆ. ಶಾಲೆ ಬೇಕು ಅಂತ ಕೇಳಿದ್ರೆ ನಿಮ್ಮ ಜಿಲ್ಲೆಗೆ ಇನ್ನೆಷ್ಟು ಶಾಲೆ ಬೇಕು ಅನ್ನೋ ಉತ್ತರ ಬರೋದು ಸುಲಭ.

ಈಗ ವ್ಯಕ್ತಿಗೆ ಬರುವ. ಹಾಜಬ್ಬರಿಗೆ ಓದು ಬರೆಹ ಇಲ್ಲ. ಮಾತಾಡೋದು ಬ್ಯಾರಿ, ತುಳು, ಕನ್ನಡ. ದಿನದ ಸಂಪಾದನೆ 150 ರೂಪಾಯಿ ಆಸುಪಾಸು ಅಂತ ಪತ್ರಿಕೆಗಳಲ್ಲಿ ಬಂದಿತ್ತು, ಅದ್ರಲ್ಲೇ ಮನೆ ನಡೀಬೇಕು, ಅದ್ರಲ್ಲೇ ಉಳಿಸ್ಬೇಕು. ಯಾವ ಸಂಘದ ಅಧ್ಯಕ್ಷರೂ ಅಲ್ಲ, ಲೆಟರ್‌ಹೆಡ್ ಇಲ್ಲ, ಸೀಲ್ ಇಲ್ಲ. ಸ್ವಯಂಸೇವಕ ಅಂದ್ರೆ ನಮ್ಮ ತಲೆಯಲ್ಲಿ ಒಂದು ಚಿತ್ರ ಇರ್ತದಲ್ಲ, ರಿಟೈರ್ಡ್ ಬ್ಯಾಂಕ್ ಮ್ಯಾನೇಜರ್ರೋ, ಲಯನ್ಸು ರೋಟರಿಯವರೋ, ಹೊಟ್ಟೆಪಾಡು ಮುಗಿದ ಮೇಲೆ ಸಮಾಜಕ್ಕೆ ಏನಾದ್ರೂ ಮಾಡುವ ಅಂತ ಬರೋರು, ಇವರು ಅದಕ್ಕೆ ಪೂರ್ತಿ ಉಲ್ಟಾ. ಇವರು ಆಫೀಸಿಗೆ ಹೋದ ದಿನ ಬುಟ್ಟಿ ಖಾಲಿ ಆಗೋದಿಲ್ಲ. ಸರಕಾರಿ ಆಫೀಸುಗಳು ತೆರೆದಿರೋ ಹೊತ್ತೂ ಹಣ್ಣು ಮಾರೋ ಹೊತ್ತೂ ಒಂದೇ. ಸಾಹೇಬರು ಮೀಟಿಂಗಲ್ಲಿದ್ದಾರೆ, ನಾಳೆ ಬನ್ನಿ ಅಂದ್ರೆ ಅದು ನೇರ ಅವತ್ತಿನ ಅಕ್ಕಿಗೆ ಬೀಳೋ ಏಟು. ಇದನ್ನ ಯಾರೂ ಲೆಕ್ಕ ಹಾಕೋದಿಲ್ಲ, ಲೆಕ್ಕ ಹಾಕಿದ್ರೆ ಅವರು ಶಾಲೆಗೆ ಹಾಕಿದ ದೊಡ್ಡ ದೇಣಿಗೆ ಇದೇ ಅಂತ ನಂಗೆ ಅನ್ಸ್ತದೆ.

ಇಲ್ಲಿಂದ ಪ್ರಕರಣದ ಮುಖ್ಯ ಭಾಗ.

ಅವರು ಮಾಡಿದ ಮೊದಲ ಒಳ್ಳೆ ಕೆಲಸ, ಕಟ್ಟಡ ಬರ್ಲಿ ಅಂತ ಕಾದು ಕೂರದೇ ಇದ್ದದ್ದು. ಜಾಗ ಇಲ್ಲ, ದುಡ್ಡಿಲ್ಲ, ಆದ್ರೆ ಮದ್ರಸ ಉಂಟು, ಅಲ್ಲಿ ಕೂತು ಕಲೀಬಹುದು. ಊರವರನ್ನ, ಮದ್ರಸದವರನ್ನ ಒಪ್ಪಿಸಿ ಅಲ್ಲೇ ತರಗತಿ ಶುರು ಮಾಡಿಸಿದ್ರು, 28 ಮಕ್ಕಳು. ಇದ್ರಲ್ಲಿ ಏನು ದೊಡ್ಡದು ಅಂತ ಅನ್ಸ್ಬಹುದು. ಸರಕಾರಿ ಫೈಲಿನ ಭಾಷೆಯಲ್ಲಿ ನೋಡಿ ಗೊತ್ತಾಗ್ತದೆ. ನಮ್ಮೂರಿಗೆ ಶಾಲೆ ಬೇಕು ಅನ್ನೋ ಅರ್ಜಿ ಇಲಾಖೆಗೆ ದಿನಾ ಬರ್ತದೆ, ಅದ್ರ ಮೇಲೆ ಪರಿಶೀಲಿಸಿ ಅಂತ ಬರೆದು ಕೆಳಗೆ ಕಳಿಸ್ತಾರೆ, ಕೆಳಗಿನವರು ವರದಿ ಕೊಡ್ತಾರೆ, ಫೈಲ್ ಮಲಗ್ತದೆ. ಇಲ್ಲಿ 28 ಮಕ್ಕಳು ಇಂಥ ಕಡೆ ಈಗ್ಲೇ ಕೂತಿದ್ದಾರೆ, ಬಂದು ನೋಡಿ ಅಂದ್ರೆ ಬೇರೆ. ಬೇಡಿಕೆ ಇಲ್ಲ ಅಂತ ಬರೆಯೋಕೆ ಆಗೋದಿಲ್ಲ, ಹಾಜರಿ ಪುಸ್ತಕ ಉಂಟಲ್ಲ. ಮಕ್ಕಳ ಸಂಖ್ಯೆ ಕಡಿಮೆ ಅಂತ ಇರೋ ಶಾಲೆಗಳನ್ನೇ ಪಕ್ಕದ ಶಾಲೆಗೆ ಸೇರಿಸೋ ಮಾತು ಯಾವಾಗ್ಲೂ ನಡೀತಿರ್ತದೆ, ಹಾಗಿರೋವಾಗ ಹೊಸ ಶಾಲೆ ಕೇಳೋರು ಮೊದ್ಲು ತೋರಿಸ್ಬೇಕಾದ್ದು ಮಕ್ಕಳ ತಲೆಗಳನ್ನೇ.

ಆಗ ಉಳ್ಳಾಲದ ಶಾಸಕರು ಯು.ಟಿ. ಫರೀದ್. 2000ರಲ್ಲಿ ಶಾಲೆ ಮಂಜೂರು ಮಾಡಿಸಿಕೊಟ್ಟವರು ಅವರೇ ಅಂತ ಹಾಜಬ್ಬರು ಪ್ರಶಸ್ತಿ ಬಂದ ಮೇಲೂ ಸಂದರ್ಶನಗಳಲ್ಲಿ ಹೆಸರು ಹಿಡಿದು ಹೇಳಿದ್ದಾರೆ. ಫರೀದ್ 2007ರಲ್ಲಿ ತೀರಿಹೋದ್ರು, 2023ರಲ್ಲಿ ವಿಧಾನಸಭೆ ಸ್ಪೀಕರ್ ಆದ ಯು.ಟಿ. ಖಾದರ್ ಅವರ ಮಗ. ವೀರರ ಕತೆ ಬರೆಯೋರಿಗೆ ಶಾಸಕರು ಅಧಿಕಾರಿಗಳು ವಿಲನ್ ಆದ್ರೇನೇ ರುಚಿ, ಆದ್ರೆ ಇಲ್ಲಿ ಒಬ್ಬ ಶಾಸಕ ಸಹಿ ಹಾಕಿಸದಿದ್ರೆ ಮದ್ರಸದ ಕ್ಲಾಸು ಮದ್ರಸದಲ್ಲೇ ಉಳೀತಿತ್ತು. ಹೊರಗಿನ ಒತ್ತಾಯ ಒಂದು ಕಡೆ, ಒಳಗೆ ಫೈಲ್ ಎಳೆಯೋರು ಒಂದು ಕಡೆ, ಎರಡೂ ಒಂದೇ ಕಾಲಕ್ಕೆ ಸಿಕ್ಕಿದ್ದು 2000ದಲ್ಲಿ. ಅದಕ್ಕಿಂತ ಮುಂಚೆ ಒಂದು ಸಿಕ್ಕಿದ್ರೆ ಇನ್ನೊಂದು ಇಲ್ಲ.

ಇನ್ನೊಂದು ವಿಷಯ, ಆ ಕಾಲದಲ್ಲಿ ಕೇಳೋಕೆ ಕಾನೂನಿನ ಬಲ ಅಷ್ಟಾಗಿ ಇರ್ಲಿಲ್ಲ. ಶಿಕ್ಷಣವನ್ನ ಮೂಲಭೂತ ಹಕ್ಕು ಅಂತ ಬರೆದ 21ಎ ವಿಧಿ ಸಂವಿಧಾನಕ್ಕೆ ಸೇರಿದ್ದೇ 2002ರ ತಿದ್ದುಪಡಿಯಲ್ಲಿ. ಅದ್ರ ಕಾಯ್ದೆ 2009ರದ್ದು, ಜಾರಿಗೆ ಬಂದದ್ದು 2010ರ ಏಪ್ರಿಲ್ 1ಕ್ಕೆ. ನೆರೆಹೊರೆಯಲ್ಲಿ ಶಾಲೆ ಇಲ್ಲದಿದ್ರೆ ಮೂರು ವರ್ಷದೊಳಗೆ ಮಾಡಿಕೊಡ್ಬೇಕು ಅಂತ ಆ ಕಾಯ್ದೆಯ 6ನೇ ಸೆಕ್ಷನ್ ಹೇಳ್ತದೆ. ಇವತ್ತು ಯಾರಾದ್ರೂ ಇಂಥ ಕೆಲಸಕ್ಕೆ ಇಳಿದ್ರೆ ಅರ್ಜಿಯಲ್ಲಿ ಸೆಕ್ಷನ್ ನಂಬರ್ ಬರೀಬಹುದು, ಕೋರ್ಟಿಗೆ ಹೋಗ್ತೇನೆ ಅಂತ ಒಂದು ಮಾತು ಬಿಡಬಹುದು. ಹಾಜಬ್ಬರ ಹತ್ರ ಇದ್ದದ್ದು ಕೈ ಮುಗಿಯೋದು, ಮತ್ತೆ ನಾಳೆ ಪುನಃ ಬರೋದು, ಎರಡೇ.

ಎರಡನೇ ನಿರ್ಧಾರಕ್ಕೆ ಬರ್ತೇನೆ, ನನ್ನ ಪ್ರಕಾರ ಇಡೀ ಪ್ರಕರಣದ ಜೀವ ಇಲ್ಲಿ ಉಂಟು, ಮತ್ತೆ ಇದ್ರ ಬಗ್ಗೆಯೇ ಯಾರೂ ಬರೆಯೋದಿಲ್ಲ. ಅವರು ಸರಕಾರಿ ಶಾಲೆ ತಂದ್ರು.

ಕರಾವಳಿಯಲ್ಲಿ ವಿದ್ಯೆಯ ಸೇವೆ ಅಂದ್ರೆ ಹಳೆ ದಾರಿ ಬೇರೆಯೇ ಇತ್ತು. 1834ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿಗೆ ಬಂದ್ರು, ಆಮೇಲೆ ಶಾಲೆ ಶುರು ಮಾಡಿದ್ರು. ಅಮ್ಮೆಂಬಳ ಸುಬ್ಬರಾವ್ ಪೈಗಳು 1891ರಲ್ಲಿ ಕೆನರಾ ಹೈಸ್ಕೂಲ್ ಕಟ್ಟಿದ್ರು, ಆಮೇಲೆ 1906ರಲ್ಲಿ ಬ್ಯಾಂಕು. ಕುದ್ಮುಲ್ ರಂಗರಾಯರು ದಲಿತ ಮಕ್ಕಳಿಗೆ ಶಾಲೆ ತೆರೆದು ಸ್ವಂತ ಜಾತಿಯವರಿಂದ್ಲೇ ಬಹಿಷ್ಕಾರ ಅನುಭವಿಸಿದ್ರು, ಅವರ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ 1897ರದ್ದು. ಎಲ್ಲ ಒಂದೊಂದು ಮಿಷನ್ನು, ಸಂಘ, ಟ್ರಸ್ಟು. ಆಮೇಲಿನ ಕಾಲದಲ್ಲಂತೂ ಸ್ವಲ್ಪ ಹೆಸರು ದುಡ್ಡು ಬಂದ ಕೂಡ್ಲೆ ಒಂದು ಎಜುಕೇಶನ್ ಟ್ರಸ್ಟ್ ಮಾಡೋದು, ಅಪ್ಪನ ಹೆಸರಿಡೋದು, ಇಂಗ್ಲಿಷ್ ಮೀಡಿಯಂ ಬೋರ್ಡ್ ಹಾಕೋದು, ಹಳದಿ ಬಸ್ ತಗೊಳ್ಳೋದು, ಇದು ನಮ್ಮ ಜಿಲ್ಲೆಯ ಒಂದು ಇಂಡಸ್ಟ್ರಿಯೇ ಆಗಿದೆ, ಸುಮ್ನೆ ಹೇಳೋದಲ್ಲ. ಹಾಜಬ್ಬರಿಗೂ ಹೆಸರು ಬಂದ ಮೇಲೆ ಆ ದಾರಿ ತೆರೆದೇ ಇತ್ತು. ಅವರು ಹೋಗ್ಲಿಲ್ಲ. ಬೋರ್ಡಲ್ಲಿ ದಕ್ಷಿಣ ಕನ್ನಡ ಜಿಲ್ಲಾ ಪಂಚಾಯತ್ ಶಾಲೆ ನ್ಯೂಪಡ್ಪು ಅಂತ ಇರ್ತದೆ, ಊರವರು ಹಾಜಬ್ಬರ ಶಾಲೆ ಅಂತಾರೆ. ಕಾಗದದಲ್ಲಿ ಒಂದು, ಬಾಯಲ್ಲಿ ಒಂದು, ಯಾರಿಗೂ ತೊಂದರೆ ಇಲ್ಲ.

ಇದ್ರಿಂದ ಮಕ್ಕಳಿಗೆ ಏನು ಸಿಕ್ತು ಅಂತ ನೋಡಿ. ಫೀಸ್ ಇಲ್ಲ. ಪಾಠ ಮಾಡೋರಿಗೆ ಸಂಬಳ ಖಜಾನೆಯಿಂದ, ಅಂದ್ರೆ ಕಿತ್ತಳೆ ಮಾರಿದ ದುಡ್ಡಲ್ಲಿ ಟೀಚರಿಗೆ ತಿಂಗಳ ಕೊನೆಗೆ ಎಷ್ಟು ಕೊಡೋದು ಅನ್ನೋ ತಲೆಬಿಸಿ ಇಲ್ಲ. ಸರಕಾರಿ ಶಾಲೆ ಆದ ಕಾರಣ ಪಠ್ಯಪುಸ್ತಕ, ಸಮವಸ್ತ್ರ ಬಂತು, ಅಕ್ಷರ ದಾಸೋಹ ರಾಜ್ಯ ಪೂರ್ತಿ ಬಂದಾಗ ಬಿಸಿಯೂಟ ಬಂತು, 2006-07ರಲ್ಲಿ ಎಂಟನೇ ಕ್ಲಾಸಿನವರಿಗೆ ಸೈಕಲ್ ಸ್ಕೀಮ್ ಬಂತು, 2013ರಲ್ಲಿ ಕ್ಷೀರಭಾಗ್ಯದ ಹಾಲು ಬಂತು. ಇವ್ಯಾವುದನ್ನೂ ಒಬ್ಬೊಬ್ರ ಹತ್ರ ಹೋಗಿ ಕೇಳ್ಬೇಕಿಲ್ಲ, ಯೋಜನೆ ಬಂದ ಹಾಗೆ ಶಾಲೆಗೆ ತಾನಾಗಿ ಬರ್ತದೆ. 2001ರಿಂದ ಎಸ್‌ಡಿಎಂಸಿ, ಅಂದ್ರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ಅಂತ ವ್ಯವಸ್ಥೆ ಉಂಟು, ಮಕ್ಕಳ ಅಪ್ಪ ಅಮ್ಮಂದಿರೇ ಅದ್ರ ಸದಸ್ಯರು, ಅಧ್ಯಕ್ಷರೂ ಅವರಲ್ಲೇ ಒಬ್ರು. ಟ್ರಸ್ಟಿನ ಶಾಲೆ ಆದ್ರೆ ಟ್ರಸ್ಟಿಯ ಮಗನಿಗೆ ಆಸಕ್ತಿ ಇಲ್ಲದಿದ್ರೆ ಅಲ್ಲಿಗೆ ಮುಗೀತು. ಸರಕಾರಿ ಶಾಲೆಗೆ ಹಾಗಿಲ್ಲ, ಹಾಜಬ್ಬರು ನಾಳೆ ಹುಷಾರಿಲ್ಲದೆ ಮಲಗಿದ್ರೂ ಬೆಲ್ ಹೊಡೀತದೆ.

ಆದ್ರೆ ಒಂದು ಸಲ ಮಂಜೂರಾದ್ರೆ ಆಯ್ತು ಅಂತ ಅಂದ್ಕೊಂಡ್ರೆ ಅದು ತಪ್ಪು. ಕಿರಿಯ ಪ್ರಾಥಮಿಕ ಅಂದ್ರೆ ಐದನೇ ತನಕ. ಹಿರಿಯ ಪ್ರಾಥಮಿಕ ಆಗ್ಬೇಕಾದ್ರೆ ಬೇರೆ ಆದೇಶ, ಎಂಟರಿಂದ ಹತ್ತಕ್ಕೆ ಹೈಸ್ಕೂಲ್ ಬೇಕಾದ್ರೆ ಮತ್ತೆ ಬೇರೆ, ಅದಕ್ಕೆ ಸಬ್ಜೆಕ್ಟ್ ಪ್ರಕಾರ ಹುದ್ದೆಗಳು, ಕೊಠಡಿಗಳು, ಜಾಗದ ದಾಖಲೆ. ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಆಫೀಸು, ಡಿಡಿಪಿಐ (ಜಿಲ್ಲೆಯ ಶಿಕ್ಷಣ ಉಪನಿರ್ದೇಶಕರ) ಆಫೀಸು, ಜಿಲ್ಲಾ ಪಂಚಾಯತ್, ಕಂದಾಯದವರು, ಒಬ್ಬೊಬ್ಬರ ಹತ್ರ ಒಂದೊಂದು ಕಾಗದ. ಒಂದು ಎಕರೆ ಆಸುಪಾಸು ಜಾಗ ಆಯ್ತು, ಕಟ್ಟಡ ಎದ್ದಿತು, ದಾನಿಗಳೂ ಕೈ ಜೋಡಿಸಿದ್ರು, ಅಲ್ಲಿ ಇಲ್ಲಿ ಸಿಕ್ಕಿದ ಪ್ರಶಸ್ತಿಗಳ ನಗದನ್ನ ಹಾಜಬ್ಬರು ಶಾಲೆಗೇ ಹಾಕಿದ್ರು. 28 ಮಕ್ಕಳಿಂದ ಶುರುವಾದದ್ದು 2021ರ ಹೊತ್ತಿಗೆ ಹತ್ತನೇ ಕ್ಲಾಸ್ ತನಕ, 175 ಮಕ್ಕಳು. ದೊಡ್ಡ ಸಂಖ್ಯೆ ಅಲ್ಲ ಅಂತ ಪೇಟೆಯವರಿಗೆ ಕಾಣ್ಬಹುದು, ಮಂಗಳೂರಿನ ದೊಡ್ಡ ಶಾಲೆಗಳಲ್ಲಿ ಒಂದೇ ಕ್ಲಾಸಿನ ಎಲ್ಲ ಸೆಕ್ಷನ್ ಕೂಡಿಸಿದ್ರೆ ಇಷ್ಟಾಗ್ತದೆ. ನ್ಯೂಪಡ್ಪಿನ ಲೆಕ್ಕದಲ್ಲಿ ಮಾತ್ರ ಮೊದ್ಲು ಎಷ್ಟಿತ್ತು ಅಂತ ನೋಡಿಯೇ ಮಾತಾಡ್ಬೇಕು.

ಇಷ್ಟೆಲ್ಲ ಕಾಗದದ ಕೆಲಸವನ್ನ ಓದೋಕೆ ಬಾರದ ಮನುಷ್ಯ ಹೇಗೆ ಮಾಡಿಸಿದ್ರು ಅನ್ನೋದು ನಂಗೆ ತುಂಬಾ ಸಲ ತಲೆಗೆ ಬಂದಿದೆ. ನನ್ನ ಅಂದಾಜು ಹೇಳ್ತೇನೆ, ಒಪ್ಪೋದು ಬಿಡೋದು ನಿಮಗೆ ಬಿಟ್ಟದ್ದು. ಬರೆಯೋಕೆ ಬರ್ತಿದ್ರೆ ಅವರೇ ಅರ್ಜಿ ಬರೆದು ಅವರೇ ಕೊಟ್ಟು ಬರ್ತಿದ್ರು, ಒಬ್ಬಂಟಿ ಹೋರಾಟಗಾರ ಆಗ್ತಿದ್ರು, ನಮ್ಮಲ್ಲಿ ಅಂಥವರು ಬೇಕಾದಷ್ಟು ಜನ ಇದ್ದಾರೆ, ಚೀಲದ ತುಂಬ ಜೆರಾಕ್ಸ್ ಇಟ್ಕೊಂಡು ಅಲೀತಾರೆ, ಪಾಪ. ಬರೆಯೋಕೆ ಬಾರದವರಿಗೆ ಪ್ರತಿ ಕಾಗದಕ್ಕೂ ಇನ್ನೊಬ್ರು ಬೇಕು. ಇವತ್ತು ಒಬ್ಬ ಮೇಷ್ಟ್ರು ಬರೆದುಕೊಡ್ತಾರೆ, ನಾಳೆ ಒಬ್ಬ ಪಂಚಾಯತ್ ಮೆಂಬರ್ ಓದಿ ಹೇಳ್ತಾರೆ, ಇನ್ನೊಂದಿನ ಪತ್ರಕರ್ತರು ಜೊತೆಗೆ ಬರ್ತಾರೆ. ಹೀಗೆ ಒಂದು ಅರ್ಜಿಗೆ ಹತ್ತು ಜನ ಸಾಕ್ಷಿ ಆಗ್ತಾರೆ, ಆ ಹತ್ತು ಜನರಿಗೂ ಎಂತ ಆಯ್ತು ಅಂತ ಕೇಳೋ ಹಕ್ಕು ಬಂದುಬಿಡ್ತದೆ. ಅಧಿಕಾರಿಗೆ ಹಾಜಬ್ಬರೊಬ್ಬರನ್ನ ವಾಪಸ್ ಕಳಿಸೋದು ಸುಲಭ, ಹತ್ತು ಜನರಿಗೆ ಉತ್ತರ ಹೇಳೋದು ಕಷ್ಟ.

ಶಾಲೆ ಬಂದ ಮೇಲೂ ಅವರು ಅಲ್ಲಿಂದ ಹೋಗ್ಲಿಲ್ಲ, ಇದು ಮೂರನೇದು. ಅಂಗಳ ಗುಡಿಸೋದು, ಮಕ್ಕಳಿಗೆ ಕುಡಿಯೋ ನೀರು ನೋಡ್ಕೊಳ್ಳೋದು, ಬಾಗಿಲು ತೆಗೆಯೋದು ಇಂಥ ಕೆಲಸ ಮಾಡ್ತಿದ್ರು ಅಂತ ನೋಡಿದವರು ಹೇಳ್ತಾರೆ. ಸಾಮಾನ್ಯವಾಗಿ ನಮ್ಮಲ್ಲಿ ಉದ್ಘಾಟನೆಗೆ ಇದ್ದವರು ಎರಡನೇ ವರ್ಷಕ್ಕೆ ಕಾಣೋದಿಲ್ಲ, ಕಲ್ಲಲ್ಲಿ ಹೆಸರು ಇರ್ತದೆ, ಶೌಚಾಲಯಕ್ಕೆ ನೀರಿರೋದಿಲ್ಲ. ದಿನಾ ಬರೋ ಒಬ್ಬ ಮನುಷ್ಯ ಇದ್ರೆ ಹೆಂಚು ಒಡೆದದ್ದು ಅವತ್ತೇ ಗೊತ್ತಾಗ್ತದೆ, ಒಂದು ಹುಡುಗಿ ಮೂರು ದಿನ ಬರದಿದ್ರೆ ಅವಳ ಮನೆಗೆ ಸುದ್ದಿ ಹೋಗ್ತದೆ. ಇದಕ್ಕೆ ಯಾವ ಬಜೆಟ್ ಹೆಡ್ಡೂ ಇಲ್ಲ ನೋಡಿ.

ಒಂದು ತಮಾಷೆ ಅಂತ ಹೇಳ್ಬೇಕೋ ಬೇಡ್ವೋ ಗೊತ್ತಿಲ್ಲ. ಇಂಗ್ಲಿಷ್ ಅರ್ಥ ಆಗದ ಅವಮಾನದಿಂದ ಹುಟ್ಟಿದ ಆಸೆ ಇದು, ಆದ್ರೆ ನಮ್ಮ ಸರಕಾರಿ ಶಾಲೆಗಳಲ್ಲಿ ಆಗ ಇಂಗ್ಲಿಷ್ ಶುರುವಾಗ್ತಿದ್ದದ್ದೇ ಐದನೇ ಕ್ಲಾಸಿಂದ, ಒಂದನೇ ಕ್ಲಾಸಿಂದ ಒಂದು ಭಾಷೆಯಾಗಿ ಬಂದದ್ದು 2007-08ರಲ್ಲಿ. ಅಂದ್ರೆ ಮೊದಲ ಬ್ಯಾಚಿನ ಮಕ್ಕಳು ಮನೆಯಲ್ಲಿ ಬ್ಯಾರಿಯೋ ತುಳುವೋ ಮಾತಾಡಿ, ಶಾಲೆಗೆ ಬಂದು ಮೊದ್ಲು ಕನ್ನಡ ಕಲಿತು, ನಾಲ್ಕು ವರ್ಷ ಕಳೆದ ಮೇಲೆ ಎ ಬಿ ಸಿ ಡಿ ನೋಡಿದವರು. ಕಿತ್ತಳೆ ಕತೆಯನ್ನ ಇಂಗ್ಲಿಷ್ ಮೀಡಿಯಂ ಜಾಹೀರಾತಿನ ಹಾಗೆ ಹೇಳೋರು ಇದನ್ನ ಸ್ವಲ್ಪ ಗಮನಿಸಿದ್ರೆ ಒಳ್ಳೇದು. ಆ ಮಕ್ಕಳಿಗೆ ಮೊದ್ಲು ಸಿಕ್ಕಿದ್ದು ಅಕ್ಷರ, ಬಸ್ಸಿನ ಬೋರ್ಡು ಓದೋದು, ರೇಷನ್ ಕಾರ್ಡಲ್ಲಿ ತಮ್ಮ ಹೆಸರು ಸರಿ ಉಂಟಾ ಅಂತ ನೋಡೋದು.

ಅಕ್ಷರ ಸಂತ ಅನ್ನೋ ಬಿರುದಿನ ಬಗ್ಗೆಯೂ ನಂಗೆ ಸ್ವಲ್ಪ ತಕರಾರು ಉಂಟು. ಗೌರವದಿಂದ ಕೊಟ್ಟದ್ದೇ, ಇಲ್ಲ ಅನ್ನೋದಿಲ್ಲ. ಆದ್ರೆ ಸಂತ ಅಂದ ಕೂಡ್ಲೆ ನಾವು ಕೈ ಮುಗಿದು ಪಕ್ಕಕ್ಕೆ ಸರೀತೇವೆ, ಫೈಲ್ ಹೇಗೆ ಮುಂದೆ ಹೋಯ್ತು, ಯಾವ ಹಂತದಲ್ಲಿ ಸಿಕ್ಕಿಬಿತ್ತು ಅಂತ ಯಾರೂ ಸಂತರನ್ನ ಕೇಳೋದಿಲ್ಲ. ಪವಾಡ ಅಂತ ಒಪ್ಪಿಬಿಟ್ರೆ ಇಪ್ಪತ್ತು ವರ್ಷ ಎಂತಕ್ಕೆ ತಡ ಆಯ್ತು ಅಂತ ಯಾರಿಗೂ ಕೇಳ್ಬೇಕಾಗಿಲ್ಲ. ಒಂದು ಊರಿಗೆ ಪ್ರಾಥಮಿಕ ಶಾಲೆ ಬರ್ಬೇಕಾದ್ರೆ ಹಣ್ಣಿನ ವ್ಯಾಪಾರಿಯೊಬ್ರು ಅರ್ಧ ಆಯುಷ್ಯ ಕೊಡ್ಬೇಕು ಅನ್ನೋದು ಅವರಿಗೆ ಹೆಮ್ಮೆಯ ವಿಷಯ, ನಮ್ಮ ಆಡಳಿತಕ್ಕೆ ಅಲ್ಲ.

2020ರ ಜನವರಿ 25ಕ್ಕೆ ಪದ್ಮಶ್ರೀ ಘೋಷಣೆ ಆಯ್ತು. ಕೊರೋನಾ ಬಂದು ಎಲ್ಲ ಮುಂದೆ ಹೋಗಿ, 2021ರ ನವೆಂಬರ್ 8ಕ್ಕೆ ರಾಷ್ಟ್ರಪತಿ ರಾಮನಾಥ ಕೋವಿಂದ್ ಅವರ ಕೈಯಿಂದ ತಗೊಂಡ್ರು. ಬಿಳಿ ಅಂಗಿ, ಬಿಳಿ ಪಂಚೆ, ಬರಿಗಾಲು, ಆ ಫೋಟೋ ದೇಶ ಪೂರ್ತಿ ಓಡಾಡ್ತು. ಪದ್ಮ ಪ್ರಶಸ್ತಿ ಜೊತೆ ನಗದು ಬರೋದಿಲ್ಲ, ಪದಕ ಮತ್ತೆ ಸನದು ಅಷ್ಟೆ, ಆದ್ರೆ ಮೈಕು ಸಿಗ್ತದೆ. ಆ ಮೈಕಿನ ಮುಂದೆ ಹಾಜಬ್ಬರು ಕೇಳಿದ್ದು ತಮ್ಮೂರಿಗೆ ಪಿಯು ಕಾಲೇಜು, ಪ್ರಧಾನಿಗೂ ಮನವಿ ಮಾಡಿದ್ದೇನೆ ಅಂದ್ರು. ಅಷ್ಟು ಹೆಸರು ಬಂದ ದಿನ ದೇಶದ ಯಾವ ಉದ್ಯಮಿ ಹತ್ರ ಕೇಳಿದ್ರೂ ಟ್ರಸ್ಟ್ ಮಾಡಿ ಕಾಲೇಜು ಕಟ್ಟಿಸ್ತಿದ್ರೋ ಏನೋ, ಇವರು ಮಾತ್ರ ಮತ್ತೆ ಸರಕಾರದ ಬಾಗಿಲಿಗೇ ಹೋದ್ರು. ಕರ್ನಾಟಕದಲ್ಲಿ ಆಗ ಹತ್ತನೇ ತನಕ ಒಂದು ಇಲಾಖೆ, ಪಿಯುಸಿಗೆ ಬೇರೆ ಇಲಾಖೆ, ಜಿಲ್ಲೆಯಲ್ಲಿ ಬೇರೆ ಉಪನಿರ್ದೇಶಕರು. ಹೈಸ್ಕೂಲ್ ತನಕ ತಂದ ಫೈಲು ಅಲ್ಲಿ ಲೆಕ್ಕಕ್ಕೆ ಬರೋದಿಲ್ಲ, ಒಂದನೇ ಪುಟದಿಂದ ಹೊಸ ಫೈಲು.